ಐಟಿಐ ಮುಗಿಸಿ ಪೀಣ್ಯದಲ್ಲಿ 8 ವರ್ಷ, ಇನ್ನೂ ಆಪರೇಟರ್. ಮುಂದಿನ ದಾರಿ ಯಾವುದು?

ಶಿರಾ_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನಗೀಗ 29. ಊರು ಶಿರಾ ಹತ್ತಿರ. ತುಮಕೂರಲ್ಲಿ ಐಟಿಐ ಮೆಷಿನಿಸ್ಟ್ ಮುಗಿಸಿ, ಒಂದು ವರ್ಷ ಅಪ್ರೆಂಟಿಸ್ ಮಾಡಿ, ಪೀಣ್ಯ 2ನೇ ಹಂತದ ಒಂದು ಕಂಪನಿಗೆ ಸೇರಿದವನು ಅಲ್ಲೇ ಇದ್ದೀನಿ. 8 ವರ್ಷ ಆಯ್ತು. ನನ್ನದು ವಿಎಂಸಿ ಮೆಷಿನ್, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯೋದು, ಫ್ಯಾನುಕ್ ಕಂಪನಿಯ ಕಂಟ್ರೋಲ್. ಕೆಲಸ ಅಂದ್ರೆ ಪೀಸ್ ಕಟ್ಟೋದು, ಬಟನ್ ಒತ್ತೋದು, ಬಿಚ್ಚೋದು, ಅಂಚಿನ ಬರ್ (ಚೂಪು ಚೂರು) ತೆಗೆಯೋದು, ವರ್ನಿಯರ್ ಹಿಡಿದು ಅಳತೆ ನೋಡೋದು, ಮತ್ತೆ ಕಟ್ಟೋದು. ಹೊಸ ಕೆಲಸಕ್ಕೆ ಮೆಷಿನ್ ಸಿದ್ಧ ಮಾಡೋದಕ್ಕೆ ಸೆಟ್ಟಿಂಗ್ ಅಂತಾರೆ. ಸೆಟ್ಟಿಂಗ್ ಮಾಡೋಕೆ ಬೇರೆ ಸೆಟ್ಟರ್ ಇದ್ದಾರೆ. ಪ್ರೋಗ್ರಾಂ ಮಾಡೋರು ಎಸಿ ರೂಮಲ್ಲಿದ್ದಾರೆ. ಸಂಬಳ 20,400, ಪಿಎಫ್ ಇಎಸ್‌ಐ ಹಿಡಿದು ಕೈಗೆ 18,400 ಬರುತ್ತೆ. ಓಟಿ ಇದ್ದ ತಿಂಗಳು ಸ್ವಲ್ಪ ಜಾಸ್ತಿ.

ಕೆಲಸದ ಮೇಲೆ ನನಗೆ ಬೇಜಾರಿಲ್ಲ. ಅಲ್ಯೂಮಿನಿಯಂ ಹೌಸಿಂಗ್ ಒಂದು ಓಡುತ್ತೆ ನಮ್ಮಲ್ಲಿ, ಫಿನಿಶ್ ಆಗಿ ಬಂದಾಗ ಕನ್ನಡಿ ಥರ ಇರುತ್ತೆ. ಅದನ್ನ ಕೈಯಲ್ಲಿ ಹಿಡಿದಾಗ ಈಗಲೂ ಖುಷಿ ಆಗುತ್ತೆ. ಆದರೆ ನನ್ನ ಹಿಂದೆ ಬಂದ ಹುಡುಗರಿಗೂ ನನಗೂ ಸಂಬಳದಲ್ಲಿ ಎರಡು ಸಾವಿರದ ವ್ಯತ್ಯಾಸ ಅಷ್ಟೇ. ಹೆಂಡತಿ ಈಗ ಬಸುರಿ, ಡಿಸೆಂಬರ್‌ಗೆ ಹೆರಿಗೆ. ರಾತ್ರಿ ನಿದ್ದೆ ಬರಲ್ಲ.

ಈಗ ಮುಂದಿರೋ ದಾರಿಗಳು: ಇಲ್ಲೇ ಹತ್ತಿರದ ಇನ್ನೊಂದು ಕಂಪನಿ 24,000 ಕೊಡ್ತೀನಿ ಅಂತಿದೆ, ಅಲ್ಲೂ ಆಪರೇಟರ್ ಕೆಲಸವೇ. ರೂಮ್‌ಮೇಟ್ ಕೆಲಸ ಬಿಟ್ಟು ಡೆಲಿವರಿಗೆ ಹೋದ, ಒಳ್ಳೆ ತಿಂಗಳಲ್ಲಿ ನನಗಿಂತ ಜಾಸ್ತಿ ದುಡೀತಾನೆ. ಭಾವ ಶಾರ್ಜಾಕ್ಕೆ ಬಾ ಅಂತಾರೆ, ಏಜೆಂಟ್ ಒಬ್ಬರು ಒಂದೂವರೆ ಲಕ್ಷ ಕೇಳಿದ್ದಾರೆ. ಹೆಂಡತಿ ಡಿಪ್ಲೊಮಾ ಓದಿ ಅಂತಾಳೆ. ಇದೇ ಲೈನಲ್ಲಿ ಇರೋರು ದಯವಿಟ್ಟು ಹೇಳಿ.


ಟೂಲ್‌ರೂಮ್_ಹಳಬ

ತಮ್ಮಾ, ನಾನು 36 ವರ್ಷ ಟೂಲ್‌ರೂಮಿನಲ್ಲಿದ್ದವನು. ನಿವೃತ್ತನಾಗಿ ಐದು ವರ್ಷ. ನೀನು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಮಾತಿನ ಮೇಲೆ: "ಸೆಟ್ಟಿಂಗ್ ಮಾಡೋಕೆ ಬೇರೆ ಸೆಟ್ಟರ್ ಇದ್ದಾರೆ." ಈ 8 ವರ್ಷದಲ್ಲಿ ಆ ಸೆಟ್ಟರ್ ಪಕ್ಕದಲ್ಲಿ ಎಷ್ಟು ಗಂಟೆ ನಿಂತಿದ್ದೀಯ?

ನಮ್ಮ ಲೈನಿನಲ್ಲಿ ಸಂಬಳ ಹೇಗೆ ಏರುತ್ತದೆ ಅಂತ ಹೇಳ್ತೀನಿ ಕೇಳು. ಎಷ್ಟು ವರ್ಷ ದುಡಿದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಎಷ್ಟು ತೀರ್ಮಾನ ನಿನ್ನ ಕೈಗೆ ಬಿಟ್ಟಿದ್ದಾರೆ ಅಂತ ನೋಡುತ್ತಾರೆ. ಆಪರೇಟರ್ ಕೈಯಲ್ಲಿರುವ ತೀರ್ಮಾನ ಒಂದೇ: ಪೀಸ್ ಸರಿ ಇದೆಯೋ ಇಲ್ಲವೋ. ಸೆಟ್ಟರ್ ಕೈಯಲ್ಲಿ ಹತ್ತಿರುತ್ತವೆ. ಪೀಸ್ ಹಿಡಿಯುವ ವೈಸ್ ಎಲ್ಲಿ ಕೂರಬೇಕು, ಜಿ54 (ಅಳತೆಯ ಸೊನ್ನೆ ಬಿಂದು) ಎಲ್ಲಿ ಹಿಡಿಯಬೇಕು, ಯಾವ ಟೂಲ್ ಎಷ್ಟು ಹೊರಗೆ ಚಾಚಬೇಕು, ಮೊದಲ ಪೀಸ್ 0.03 ಮಿ.ಮೀ. ಹೆಚ್ಚು ಬಂದರೆ ಟೂಲ್ ಸವೆತ ಸರಿದೂಗಿಸುವ ವೇರ್ ಆಫ್‌ಸೆಟ್ ಎಷ್ಟು ಕೊಡಬೇಕು. ಪ್ರೋಗ್ರಾಮರ್ ಕೈಯಲ್ಲಿ ನೂರಿರುತ್ತವೆ. ನಿನಗೆ 24,000 ಕೊಡುವ ಕಂಪನಿಯೂ ಆಪರೇಟರ್ ಅಂತಲೇ ಕರೆದರೆ, ಇನ್ನೈದು ವರ್ಷ ಬಿಟ್ಟು ಇದೇ ಪ್ರಶ್ನೆ ಮತ್ತೆ ಬರೆಯುತ್ತೀಯ.

ನಾಳೆಯೇ ಮಾಡಬಹುದಾದ ಒಂದು ಕೆಲಸ ಹೇಳ್ತೀನಿ. ಒಂದು ಲಾಂಗ್ ನೋಟ್‌ಬುಕ್ ತಗೋ. ನಿನ್ನ ಮೆಷಿನ್‌ನಲ್ಲಿ ಓಡುವ ಪ್ರತಿ ಕೆಲಸಕ್ಕೂ ಒಂದು ಪುಟ. ಮೆಟೀರಿಯಲ್ ಯಾವುದು, ಕಟ್ಟರ್ ಯಾವುದು, ಸ್ಪಿಂಡಲ್ ಸ್ಪೀಡ್ ಎಷ್ಟು, ಫೀಡ್ (ಟೂಲ್ ಮುಂದೆ ಸರಿಯುವ ವೇಗ) ಎಷ್ಟು, ಎಲ್ಲಿ ಚಾಟರ್ (ಟೂಲ್ ನಡುಕ) ಬಂತು, ಹೇಗೆ ಹೋಯಿತು. ಆಮೇಲೆ ಆ ಸಂಖ್ಯೆ ಅಲ್ಲಿ ಯಾಕಿದೆ ಅಂತ ಲೆಕ್ಕ ಹಾಕು. 10 ಮಿ.ಮೀ. ಕಾರ್ಬೈಡ್ ಎಂಡ್ ಮಿಲ್ ಕಟ್ಟರ್, ಕಟಿಂಗ್ ಸ್ಪೀಡ್ ನಿಮಿಷಕ್ಕೆ 100 ಮೀಟರ್ ಅಂದುಕೋ. 100ನ್ನು 1000ದಿಂದ ಗುಣಿಸಿ, 3.14ರಿಂದಲೂ 10ರಿಂದಲೂ ಭಾಗಿಸು, ನಿಮಿಷಕ್ಕೆ ಸುಮಾರು 3180 ಸುತ್ತು ಬರುತ್ತದೆ. ನಾಲ್ಕು ಹಲ್ಲು, ಹಲ್ಲಿಗೆ 0.05 ಅಂದರೆ ಫೀಡ್ ನಿಮಿಷಕ್ಕೆ 636 ಮಿ.ಮೀ. ಹತ್ತಿರ. ನಿಮ್ಮ ಪ್ರೋಗ್ರಾಂನಲ್ಲಿ ಎಸ್ (ಸ್ಪೀಡ್) ಮತ್ತು ಎಫ್ (ಫೀಡ್) ಮುಂದೆ ಏನು ಬರೆದಿದೆ ನೋಡು. ಕಡಿಮೆ ಇದ್ದರೆ ಯಾಕೆ ಕಡಿಮೆ ಅಂತ ಸೆಟ್ಟರನ್ನು ಕೇಳು. ನಾಲ್ಕು ದಿನ ಕೇಳಿದರೆ ಐದನೇ ದಿನ ಅವನೇ ನಿನ್ನನ್ನು ಕರೆಯುತ್ತಾನೆ. ನನ್ನ ಕೈಕೆಳಗೆ ಮೇಲೆ ಬಂದ ಹುಡುಗರೆಲ್ಲ ಹೀಗೇ ಬಂದದ್ದು.


ಸಿಎಂಎಂ_ರೂಮಿಂದ

ನಾನು ಕ್ವಾಲಿಟಿಯಲ್ಲಿದ್ದೀನಿ, ಸಿಎಂಎಂ ಅನ್ನೋ ಅಳತೆ ಮೆಷಿನ್ ಇರೋ ರೂಮಲ್ಲಿ, ಡಿಪ್ಲೊಮಾ ಮೆಕ್ಯಾನಿಕಲ್, ಇದೇ ಏರಿಯಾದಲ್ಲಿ 12 ವರ್ಷ. ಹಳಬರು ಹೇಳಿದ ನೋಟ್‌ಬುಕ್ ಮಾತಿಗೆ ಒಂದು ಎಚ್ಚರಿಕೆ ಸೇರಿಸ್ತೀನಿ. ನಿಮ್ಮ ಲೆಕ್ಕ, ನಿಮ್ಮ ಅನುಭವ ಬರ್ಕೊಳ್ಳಿ. ಗಿರಾಕಿ ಕಂಪನಿಯ ಡ್ರಾಯಿಂಗ್ ಫೋಟೊ ಮಾತ್ರ ತೆಗೀಬೇಡಿ, ಪ್ರೋಗ್ರಾಂ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಮನೆಗೆ ಒಯ್ಯಬೇಡಿ. ಒಳ್ಳೆ ಹುಡುಗರು ಗೊತ್ತಿಲ್ಲದೆ ಹೀಗೆ ಮಾಡಿ ಕೆಲಸ ಕಳ್ಕೊಂಡಿದ್ದನ್ನ ಕಣ್ಣಾರೆ ನೋಡಿದ್ದೀನಿ.

ಇನ್ನೊಂದು ಘಟನೆ ಹೇಳಲೇಬೇಕು, ಯಾಕಂದ್ರೆ ಶಿರಾದವರು ಅಲ್ಯೂಮಿನಿಯಂ ಹೌಸಿಂಗ್ ಅಂದ್ರು. ನಮ್ಮಲ್ಲೊಬ್ಬ ಆಪರೇಟರ್ ಇದ್ದ, ಅವನ ಪೀಸ್‌ಗಳು ಬೆಳಗಿನ ಪಾಳಿಯಲ್ಲಿ ಸರಿ, ಮಧ್ಯಾಹ್ನದ ಮೇಲೆ ರಿಜೆಕ್ಟ್. 200 ಮಿ.ಮೀ. ಉದ್ದದ ಭಾಗ. ಮೆಷಿನ್ ಪಕ್ಕ ಅವನೇ ಅಳೆದಾಗ ಸರಿಯಾಗಿರೋದು, ನನ್ನ ರೂಮಿಗೆ ಬಂದು ಒಂದು ಗಂಟೆ ಕೂತ ಮೇಲೆ 0.04 ಮಿ.ಮೀ. ಕಮ್ಮಿ. ಎಲ್ಲರೂ ಅವನನ್ನೇ ಬೈದ್ರು. ಅವನು ಸುಮ್ಮನಾಗಲಿಲ್ಲ. ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತ. "ಮೇಡಂ, ನಿಮ್ಮ ರೂಮ್ ಯಾಕೆ ಇಷ್ಟು ತಂಪು?" ಅಂತ ಕೇಳಿದ.

ಅಳತೆಗೆ ಪ್ರಪಂಚದಲ್ಲೆಲ್ಲ ಒಪ್ಪಿರೋ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಅಲ್ಯೂಮಿನಿಯಂ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ (0.023 ಮಿ.ಮೀ.) ಹಿಗ್ಗುತ್ತೆ. 200 ಮಿ.ಮೀ. ಪೀಸ್ 10 ಡಿಗ್ರಿ ಬಿಸಿ ಇದ್ರೆ 0.046 ಮಿ.ಮೀ. ದೊಡ್ಡದಾಗಿ ಕಾಣುತ್ತೆ. ಮಧ್ಯಾಹ್ನ ಶೆಡ್ ಕಾದಿರೋದು, ತಂಪು ಮಾಡೋ ಕೂಲಂಟ್ ದ್ರವವೂ ಕಾದಿರೋದು, ಅವನು ಬಿಸಿ ಪೀಸ್ ಅಳೆದು ಆಫ್‌ಸೆಟ್ ಕೊಡ್ತಿದ್ದ. ಇಬ್ಬರೂ ಕೂತು ಪೇಪರ್ ಮೇಲೆ ಲೆಕ್ಕ ಹಾಕಿದ್ವಿ. ಮಾರನೇ ದಿನ ಮ್ಯಾನೇಜರ್ ಮುಂದೆ ಅವನೇ ಹೇಳಿದ. ನಾನು ಬೇಕಂತಲೇ ಬಾಯಿ ತೆಗೀಲಿಲ್ಲ. ಆರು ತಿಂಗಳಲ್ಲಿ ಅವನು ಸೆಟ್ಟರ್ ಆದ, ಈಗ ಬೇರೆ ಕಡೆ ಪ್ರೊಸೆಸ್ ಎಂಜಿನಿಯರ್ ಜೊತೆ ಕೆಲಸ ಮಾಡ್ತಿದ್ದಾನೆ. ರಿಜೆಕ್ಷನ್ ಬಂದ ದಿನ ಕ್ವಾಲಿಟಿಯವರ ಮೇಲೆ ಸಿಟ್ಟು ಮಾಡ್ಕೊಳ್ಳದೆ ಕಾರಣ ಕೇಳೋಕೆ ಬರೋರು ತುಂಬ ಕಮ್ಮಿ. ಬಂದವರನ್ನ ನಾವು ಮರೆಯಲ್ಲ.


ರಾತ್ರಿ_ಪಾಳಿ

ಕ್ಷಮಿಸಿ, ನಾನು ಸ್ವಲ್ಪ ಬೇರೆ ಮಾತು ಹೇಳ್ಬೇಕು.

ಎಲ್ಲರೂ ಕಲಿ ಕಲಿ ಅಂತಿದ್ದೀರ. ನಾನೂ ಕಲಿಯೋಕೆ ಹೋಗಿದ್ದೆ. ನಾನಿದ್ದ ಕಂಪನಿಯಲ್ಲಿ (ಹೆಸರು ಬೇಡ) ಮೂರು ವರ್ಷ ಸೂಪರ್‌ವೈಸರ್ ಹಿಂದೆ ಬಿದ್ದು ಸೆಟ್ಟಿಂಗ್ ಹೇಳಿಕೊಡಿ ಅಂದೆ. "ನಿನ್ನ ಟಾರ್ಗೆಟ್ ಮುಗಿಸು ಮೊದ್ಲು" ಅನ್ನೋರು. ಟಾರ್ಗೆಟ್ ಮುಗಿಸಿದ್ರೆ ಟಾರ್ಗೆಟ್ ಏರಿಸೋರು. ದಿನಕ್ಕೆ 12 ಗಂಟೆ. ಓಟಿಗೆ ಸಿಂಗಲ್ ರೇಟ್ ಕೊಡ್ತಿದ್ರು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಿದ್ರೆ ದುಪ್ಪಟ್ಟು ಕೂಲಿ ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಆ ವಯಸ್ಸಲ್ಲಿ ನನಗೆ ಅದು ಗೊತ್ತೇ ಇರಲಿಲ್ಲ. ಒಂದು ರಾತ್ರಿ ಮೂರು ಗಂಟೆಗೆ ತೂಕಡಿಕೆಯಲ್ಲಿ ಚಿಪ್ (ಕೊರೆದಾಗ ಬರೋ ಲೋಹದ ಚೂರು) ಎಳೆಯೋಕೆ ಬರಿಗೈ ಹಾಕಿದೆ. ಬಲಗೈ ತೋರುಬೆರಳಿಗೆ ಒಂಬತ್ತು ಹೊಲಿಗೆ. ಈಗಲೂ ಆ ಬೆರಳ ತುದೀಲಿ ಸ್ಪರ್ಶ ಇಲ್ಲ.

ಕೆಲವು ಜಾಗ ಹಾಗೇ ಇರ್ತಾವೆ, ಕೇಳಿದ್ರೂ ಕಲಿಸಲ್ಲ. ಆದ್ರಿಂದ ಶಿರಾ ಬ್ರದರ್, ಒಂದು ಗಡುವು ಹಾಕ್ಕೊಳ್ಳಿ. ಆರು ತಿಂಗಳು ಕೇಳಿ. ಬಾಗಿಲು ತೆರೆಯದೇ ಇದ್ರೆ ಹೊರಡಿ, ಪಾಪಪ್ರಜ್ಞೆ ಬೇಡ. ನಾನು ಮೆಷಿನ್ ಸರ್ವೀಸ್‌ಗೆ ಹೋದೆ. ಮೊದಲ ವರ್ಷ ಸಂಬಳ ಮೊದಲಿಗಿಂತ ಕಮ್ಮಿ ಇತ್ತು. ಬ್ಯಾಗ್ ಹಿಡ್ಕೊಂಡು ಹೊಸೂರು, ಕೊಯಮತ್ತೂರು, ಪುಣೆ ಸುತ್ತಿದೆ. ಸ್ಪಿಂಡಲ್ ಬಿಚ್ಚೋದು, ಬಾಲ್ ಸ್ಕ್ರೂ ಬ್ಯಾಕ್‌ಲ್ಯಾಶ್ ನೋಡೋದು, ಅಲಾರ್ಮ್ ಓದೋದು ಕಲಿತೆ. ಈಗ ನಾನು ಹೋದ್ರೆ ನಿಂತ ಮೆಷಿನ್ ಓಡುತ್ತೆ, ಕಂಪನಿಯವರು ಕಾಫಿ ಕೊಟ್ಟು ಕೂರಿಸ್ತಾರೆ. ಪ್ರೊಡಕ್ಷನ್ ಒಂದೇ ದಾರಿ ಅಂತ ಅನ್ಕೋಬೇಡಿ. ಸರ್ವೀಸ್ ಇದೆ, ಟೂಲ್ ಕಂಪನಿಗಳಲ್ಲಿ ಗಿರಾಕಿಗೆ ಟೂಲ್ ಬಳಸೋದು ತೋರಿಸೋ ಅಪ್ಲಿಕೇಶನ್ ಕೆಲಸ ಇದೆ, ಪೀಸ್ ಹಿಡಿಯೋ ಫಿಕ್ಸ್‌ಚರ್ ಡಿಸೈನ್ ಇದೆ.

ಡೆಲಿವರಿಗೆ ಹೋದ ಗೆಳೆಯನನ್ನ ಯಾರೂ ಹಗುರವಾಗಿ ಮಾತಾಡಬೇಡಿ. ಅವನ ಬೆವರೂ ಬೆವರೇ. ಪೆಟ್ರೋಲ್, ಟೈರ್, ಬೈಕಿನ ಕಂತು, ಮಳೆಗಾಲದ ಜ್ವರ ಎಲ್ಲ ಕಳೆದು ಉಳಿಯೋದು ಎಷ್ಟು ಅಂತ ಅವನ ಹತ್ರಾನೇ ಕೂತು ಬರೆದು ನೋಡಿ, ಆಮೇಲೆ ತೀರ್ಮಾನ ಮಾಡಿ.


ಪೇರೋಲ್_ಟೇಬಲ್

ನಾನು ಕಾರ್ಖಾನೆಯೊಂದರಲ್ಲಿ ಸಂಬಳದ ಲೆಕ್ಕ ನೋಡುವವಳು. ಶಿರಾದವರೇ, ನೀವು ಬರೆದ ಸಂಖ್ಯೆಗಳಲ್ಲಿ ಎರಡು ವಿಷಯ ಯಾರೂ ಗಮನಿಸಿಲ್ಲ, ಎರಡೂ ನಿಮಗೆ ಈ ವರ್ಷವೇ ಮುಖ್ಯ.

ಮೊದಲನೆಯದು ಇಎಸ್‌ಐ. ಅದು ಕಾರ್ಮಿಕರ ಸರ್ಕಾರಿ ವಿಮೆ, ಸಂಬಳದ ಮಿತಿ ತಿಂಗಳಿಗೆ 21,000. ನೀವೀಗ 20,400ರಲ್ಲಿ ಇದ್ದೀರಿ, ಹಾಗಾಗಿ ನಿಮ್ಮಿಂದ 0.75, ಕಂಪನಿಯಿಂದ 3.25 ಶೇಕಡಾ ಕಟ್ಟಿ ಇಡೀ ಕುಟುಂಬಕ್ಕೆ ಚಿಕಿತ್ಸೆ ಸಿಗುತ್ತಿದೆ, ಹೆಂಡತಿಯ ಹೆರಿಗೆಯೂ ಅದರಲ್ಲೇ. 24,000ದ ಹೊಸ ಕಂಪನಿಗೆ ಸೇರಿದರೆ ಅಲ್ಲಿ ನೀವು ಇಎಸ್‌ಐ ವ್ಯಾಪ್ತಿಗೇ ಬರುವುದಿಲ್ಲ. ಕೈಗೆ ಮೂರು ಸಾವಿರ ಹೆಚ್ಚು ಬಂತು ಅಂತ ಹೋಗಿ ಡಿಸೆಂಬರ್‌ನಲ್ಲಿ ಸಿಸೇರಿಯನ್ ಆದರೆ ಖಾಸಗಿ ಆಸ್ಪತ್ರೆಯ ಬಿಲ್ ನಿಮ್ಮ ಜೇಬಿನಿಂದಲೇ ಹೋಗಬಹುದು. ಕೆಲಸ ಬದಲಿಸಬೇಡಿ ಅನ್ನುತ್ತಿಲ್ಲ. ಹೊಸ ಕಂಪನಿಯಲ್ಲಿ ಗುಂಪು ವಿಮೆ ಇದೆಯೇ, ಅದರಲ್ಲಿ ಹೆರಿಗೆ ಮೊದಲ ದಿನದಿಂದಲೇ ಸೇರುತ್ತದೆಯೇ ಅಂತ ಬರಹದಲ್ಲಿ ಕೇಳಿ. ನಿಮ್ಮ ಇಎಸ್‌ಐ ಸಂಖ್ಯೆ ಹಿಡಿದು ಶಾಖಾ ಕಚೇರಿಗೆ ಹೋಗಿ, ಯಾವ ತಿಂಗಳು ಬಿಟ್ಟರೆ ಸೌಲಭ್ಯ ಎಲ್ಲಿಯವರೆಗೆ ಅಂತ ಬಾಯಿಬಿಟ್ಟು ಕೇಳಿ ಬನ್ನಿ. ಅರ್ಧ ದಿನದ ಕೆಲಸ.

ಎರಡನೆಯದು ಪಿಎಫ್. ಕೆಲಸ ಬಿಟ್ಟ ಹುಡುಗರು ಮೊದಲು ಮಾಡುವುದೇ ಪಿಎಫ್ ತೆಗೆದು ಬೈಕ್ ಕೊಳ್ಳುವುದು. ಕಂಪನಿ ಕಟ್ಟುವ 12 ಶೇಕಡಾದಲ್ಲಿ 8.33 ಶೇಕಡಾ ಪಿಂಚಣಿ ಖಾತೆಗೆ ಹೋಗುತ್ತದೆ, ಅಂದರೆ 15,000 ಮೂಲವೇತನಕ್ಕೆ ತಿಂಗಳಿಗೆ 1,250. ಪಿಂಚಣಿ ಹಕ್ಕಿಗೆ 10 ವರ್ಷದ ಸೇವೆ ಬೇಕು. ನಿಮ್ಮದು 8 ಆಗಿದೆ. ಈಗ ಪಿಂಚಣಿ ಹಣವನ್ನೂ ತೆಗೆದುಬಿಟ್ಟರೆ ಆ 8 ವರ್ಷ ಅಳಿಸಿ ಹೋಗುತ್ತದೆ. ಕಂಪನಿ ಬದಲಾದರೂ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಒಂದೇ ಇರಲಿ, ಹಳೆಯ ಖಾತೆಯನ್ನು ವರ್ಗಾಯಿಸಿ. ಆಧಾರ್‌ನಲ್ಲಿರುವ ಹೆಸರು ಮತ್ತು ಹುಟ್ಟಿದ ದಿನಾಂಕ ಪಿಎಫ್‌ನಲ್ಲಿರುವುದಕ್ಕೆ ಹೊಂದುತ್ತವೆಯೇ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆದದ್ದಕ್ಕೇ ವರ್ಷಗಟ್ಟಲೆ ಅಲೆದವರನ್ನು ನಾನು ಕಂಡಿದ್ದೇನೆ.

ಸಂಬಳ ಏರಿಸಿ ಅಂತ ಕೇಳುವಾಗ ಮನೆಯ ಕಷ್ಟ ಹೇಳಬೇಡಿ. ಮನೆಯ ಕಷ್ಟ ಎಲ್ಲರಿಗೂ ಇದೆ ಅಂತ ಮ್ಯಾನೇಜರ್ ಮಾತು ಮುಗಿಸಿಬಿಡುತ್ತಾರೆ. ಕಳೆದ ವರ್ಷ ನಿಮ್ಮ ಮೆಷಿನ್‌ನಲ್ಲಿ ರಿಜೆಕ್ಷನ್ ಎಷ್ಟಿತ್ತು, ಈಗ ಎಷ್ಟು, ಯಾವ ಕೆಲಸದಲ್ಲಿ ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯುವ ಸಮಯ) ಇಳಿಸಿದಿರಿ ಅಂತ ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಡಿ. ಏರಿಕೆ ತೀರ್ಮಾನವಾಗುವ ತಿಂಗಳಿಗೆ ಎರಡು ತಿಂಗಳು ಮೊದಲೇ ಇಡಿ. ಪಟ್ಟಿ ಸಹಿಯಾದ ಮೇಲೆ ಬಂದವರಿಗೆ ನಾನೇ ಎಷ್ಟೋ ಸಲ "ಮುಂದಿನ ವರ್ಷ ನೋಡೋಣ" ಅಂದಿದ್ದೇನೆ, ಹಾಗೆ ಅನ್ನುವಾಗ ಹೊಟ್ಟೆ ಉರಿಯುತ್ತದೆ.


ಬೆಳಗಾವಿ_ಜಾಬ್‌ವರ್ಕ್

ನಮಸ್ಕಾರ್ರಿ ಎಲ್ಲಾರಿಗೂ. ಉದ್ಯಮಬಾಗದಾಗ ಸಣ್ಣದೊಂದು ಶಾಪ್ ಐತಿ ನಂದು. ಎರಡು ವಿಎಂಸಿ, ಒಂದು ಸಿಎನ್‌ಸಿ ಲೇಥ್, ಆರು ಮಂದಿ ಹುಡುಗ್ರು. ನಾನೂ ಐಟಿಐ ಕಲತಾಂವನ. 11 ವರ್ಷ ಬೆಂಗಳೂರಾಗ ದುಡದು ತಿರುಗಿ ಊರಿಗೆ ಬಂದೇನಿ.

ಹಿರ್ಯಾರು ನೋಟ್‌ಬುಕ್ ಬಗ್ಗೆ ಬರದದ್ದು ಓದಿ ಭಾಳ ಖುಷಿ ಆತು. ನಾ ಹುಡುಗ್ರನ್ನ ತಗೋಳುವಾಗ ಸರ್ಟಿಫಿಕೇಟ್ ಆಮ್ಯಾಲೆ ನೋಡತೇನಿ. ಮೊದಲ ಟೇಬಲ್ ಮ್ಯಾಲೆ ಒಂದ ವೈಸ್ ಇಟ್ಟು, ಮುಳ್ಳಿನ ಅಳತಿ ಮಾಪಕ ಡಯಲ್ ಕೊಟ್ಟು, "ಡಯಲ್ ಹಾಕಿ ನೆಟ್ಟಗ ಮಾಡು" ಅಂತೇನಿ. ಗೊತ್ತಿದ್ದಾಂವ ಮೊದಲ ಬಟ್ಟಿ ತಗೊಂಡು ಟೇಬಲ್ ಒರಸತಾನ, ಅಂಗೈಲೆ ಸವರಿ ನೋಡತಾನ. ಆಮ್ಯಾಲೆ ಒಂದ ಬೋಲ್ಟ್ ಅರ್ಧ ಬಿಗೀ ಮಾಡಿ, ಇನ್ನೊಂದು ಸಡಲ ಇಟ್ಟು, ಡಯಲ್ ಒಂದ ತುದಿಯಿಂದ ಇನ್ನೊಂದ ತುದಿಗಿ ಓಡಸತಾನ. ಮುಳ್ಳು ಎಷ್ಟು ಸರೀತು ನೋಡಿ, ಅದರ ಅರ್ಧದಷ್ಟು ಮಾತ್ರ ಮೆತ್ತಗ ಬಡೀತಾನ. ಆ ಬಡಿಯೋ ಸಪ್ಪಳದಾಗ ನನಗ ಗೊತ್ತಾಕ್ಕೇತಿ ಇಂವಾ ಎಂಥಾ ಕೆಲಸಗಾರ ಅಂತ. ತಾಸು ಗಟ್ಲೆ ಇಂಟರ್‌ವ್ಯೂ ಬ್ಯಾಡ ನನಗ. ಶಿರಾ ತಮ್ಮಾ, ಇದನ್ನ ದಿನಾ ಊಟದ ಹೊತ್ತಿನ್ಯಾಗ ಹತ್ತು ನಿಮಿಷ ಮಾಡು. ಒಂದ ತಿಂಗಳದಾಗ ಕೈ ಕುಂದ್ರತೈತಿ.

ಸ್ವಂತ ಶಾಪ್ ಬಗ್ಗೆ ನೀ ಕೇಳಿಲ್ಲ, ಆದ್ರ ಇವತ್ತಿಲ್ಲ ನಾಳಿ ಆ ವಿಚಾರ ಬಂದ ಬರತೈತಿ, ಅದಕ್ಕ ಹೇಳಾಕತ್ತೇನಿ. ಮೊದಲ ಆರ್ಡರ್, ಆಮ್ಯಾಲೆ ಮೆಷಿನ್. ನಾ ಉಲ್ಟಾ ಮಾಡಿದ್ಯಾ. ಸಾಲಾ ಮಾಡಿ ಮೆಷಿನ್ ತಂದು ನಿಲ್ಲಿಸಿ ಆರ್ಡರ್ ಹುಡುಕಾಕ ಹ್ವಾದ್ಯಾ. ಒಂದ ಪಾರ್ಟಿ ನಾಕ ತಿಂಗಳ ಬಿಲ್ ಹಿಡದು ಕುಂತ್ತು. ಕಂತು ಕಟ್ಟಾಕ ಹೆಂಡ್ತಿ ತನ್ನ ಕೈಬಳಿ ತಗದು ಕೊಟ್ಳು. ಆಮ್ಯಾಲೆ ತಿಳೀತು, ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ದಿಮೆಗೆ 45 ದಿನದೊಳಗ ರೊಕ್ಕಾ ಕೊಡಬೇಕಂತ 2006ರ ಕಾಯ್ದೆ ಐತಿ ಅಂತ. ಈಗ ಪ್ರತಿ ಬಿಲ್ ಮ್ಯಾಲೆ ಉದ್ಯಮ್ ನಂಬರ್ ಹಾಕತೇನಿ. 2024ರ ಏಪ್ರಿಲ್‌ದಿಂದ ಟೈಮಿಗೆ ಕೊಡದ ಆ ರೊಕ್ಕಾ ಅವರು ಇನ್‌ಕಮ್ ಟ್ಯಾಕ್ಸ್‌ನ್ಯಾಗ ಆ ವರ್ಷದ ಖರ್ಚು ಅಂತ ತೋರಸಾಕ ಬರೂದಿಲ್ಲ, ಅದಕ್ಕ ಸ್ವಲ್ಪ ಎಚ್ಚರ ಆಗ್ಯಾರ.

ಹೊಸದಾಗಿ ಮಾಡೋರಿಗೆ ಪಿಎಂಇಜಿಪಿ ಅನ್ನೋ ಕೇಂದ್ರ ಸರ್ಕಾರದ ಸ್ಕೀಮ್ ಒಳಗ ಉತ್ಪಾದನಾ ಘಟಕಕ್ಕ 50 ಲಕ್ಷದ ಮಟಾ ಯೋಜನೆಗೆ ಸಬ್ಸಿಡಿ ಐತಿ, ಜಾಗಾ ಮತ್ತ ವರ್ಗ ನೋಡಿ 15ರಿಂದ 35 ಪರ್ಸೆಂಟ್. ಹಳ್ಳಿ ಕಡೆ ಹಾಕಿದ್ರ ಜಾಸ್ತಿ. ಆದ್ರ ಸಬ್ಸಿಡಿ ನೋಡಿ ಧಂದೆ ಶುರು ಮಾಡಬ್ಯಾಡ. ಪೀಸಿಗೆ ರೇಟ್ ಹೆಂಗ ಕಟ್ಟಬೇಕು ಅನ್ನೂದು ಮೊದಲ ಕಲಿ. ಮೆಷಿನ್ ತಾಸಿಗೆ ಎಷ್ಟು ಬೀಳತೈತಿ, ಸೈಕಲ್ ಟೈಮ್ ಎಷ್ಟು, ಟೂಲಿನ ತುದಿಗೆ ಹಾಕೋ ಇನ್ಸರ್ಟ್ ಎಷ್ಟು ಪೀಸಿಗೆ ಒಂದ ಮೂಲಿ ಸವೀತೈತಿ, ಇದು ಈಗ ನೀ ನಿಂತ ಮೆಷಿನ್ ಮುಂದನ ಕಲೀಬಹುದು, ಯಾರ ರೊಕ್ಕಾನೂ ಬೇಕಾಗಿಲ್ಲ.


ಶಿರಾ_ಹುಡುಗ

ಓದ್ತಾ ಓದ್ತಾ ಕಣ್ಣು ತುಂಬಿ ಬಂತು. ಇಷ್ಟು ಜನ ಇಷ್ಟು ಹೊತ್ತು ಕೊಟ್ಟು ಬರೀತೀರ ಅಂತ ಅನ್ಕೊಂಡಿರಲಿಲ್ಲ. ಪೇರೋಲ್ ಮೇಡಂ, ಇಎಸ್‌ಐ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಹೆಂಡತಿಗೆ ಓದಿ ಹೇಳಿದೆ, ಇಬ್ಬರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಹಳಬರು ಕೇಳಿದ ಪ್ರಶ್ನೆಗೆ ಉತ್ತರ: ಸೆಟ್ಟರ್ ಪಕ್ಕ ನಿಂತೇ ಇಲ್ಲ ಸರ್. ಅವರು ಸೆಟ್ಟಿಂಗ್ ಮಾಡೋ ಹೊತ್ತಲ್ಲಿ ನಾನು ಟೀ ಕುಡಿಯೋಕೆ ಹೋಗ್ತಿದ್ದೆ.

ಶಾರ್ಜಾ ಬಗ್ಗೆ, ಡಿಪ್ಲೊಮಾ ಬಗ್ಗೆ ಗೊತ್ತಿರೋರು ಹೇಳ್ತೀರಾ?


ಹಾಸನದಿಂದ_ಸ್ಟುಟ್‌ಗಾರ್ಟ್

ನಾನು ಬೆಂಗಳೂರಿನ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದವನು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿಂದ ಶುರುವಾದ ಸಂಸ್ಥೆ ಅದು, ಈಗ ರಾಜ್ಯದ ತುಂಬ ಕೇಂದ್ರಗಳಿವೆ. ಕೆಲಸದಲ್ಲಿರೋರಿಗೆ ಸಿಎನ್‌ಸಿ ಪ್ರೋಗ್ರಾಮಿಂಗ್, ಕ್ಯಾಡ್-ಕ್ಯಾಮ್ ಅಂತ ಅಲ್ಪಾವಧಿ ಕೋರ್ಸ್‌ಗಳೂ ಇವೆ, ರಾಜಾಜಿನಗರ ನಿಮಗೆ ದೂರ ಅಲ್ಲ, ಹೋಗಿ ವಿಚಾರಿಸಿ.

ಗಲ್ಫ್ ವಿಷಯ ಮೊದಲು. ಒಂದೂವರೆ ಲಕ್ಷ ಕೇಳೋ ಏಜೆಂಟ್ ಹತ್ರ ಹೋಗಲೇಬೇಡಿ. ವಿದೇಶಕ್ಕೆ ಕೆಲಸಕ್ಕೆ ಕಳಿಸೋ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಬೇಕು, ಕೆಲಸಗಾರನಿಂದ 30,000 ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಹೆಚ್ಚು ತಗೊಳ್ಳೋ ಹಾಗಿಲ್ಲ. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರು ಹುಡುಕಿ. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ ಅಂದ್ರೆ ಒಪ್ಪಬೇಡಿ. ನಿಮ್ಮ ಭಾವನವರಿಗೆ ಒಳ್ಳೇದು ಮಾಡೋ ಮನಸ್ಸೇ ಇರುತ್ತೆ, ಆದರೂ ಕೆಲಸದ ಕರಾರು ಕೈಗೆ ಬಂದ ಮೇಲೇ ಮಾತು.

ನಾನೀಗ ಇರೋ ಜರ್ಮನಿ ಬೇರೆ ಲೆಕ್ಕ. ಇಲ್ಲಿ ನಮ್ಮ ಕಸುಬಿಗೆ ಮೂರೂವರೆ ವರ್ಷದ ತರಬೇತಿ ಇದೆ, ನಮ್ಮ ಪ್ರಮಾಣಪತ್ರ ಅದಕ್ಕೆ ಸಮ ಅಂತ ಮಾನ್ಯತೆ ತಗೋಬೇಕು. ನ್ಯೂರೆಂಬರ್ಗ್‌ನಲ್ಲಿರೋ ಐಎಚ್‌ಕೆ ಫೋಸಾ ಅನ್ನೋ ಕಚೇರಿ ಪಠ್ಯಕ್ರಮ, ಅನುಭವ ಪತ್ರ ಎಲ್ಲ ಇಟ್ಟುಕೊಂಡು ಹೋಲಿಸುತ್ತೆ. ನಿಮ್ಮ ಅನುಭವ ಪತ್ರದಲ್ಲಿ ಬರೀ "ಆಪರೇಟರ್" ಅಂತ ಇದ್ರೆ ಅಲ್ಲಿ ಏನೂ ತೂಗಲ್ಲ. ಯಾವ ಮೆಷಿನ್, ಯಾವ ಟಾಲರೆನ್ಸ್ (ಅಳತೆಯಲ್ಲಿ ಒಪ್ಪೋ ವ್ಯತ್ಯಾಸ), ಯಾವ ಅಳತೆ ಸಾಧನ, ಸೆಟ್ಟಿಂಗ್ ಮಾಡಿದ್ದೀರಾ, ಇಷ್ಟೂ ಬರೆಸಿ. 2024ರ ಜೂನ್‌ನಿಂದ ಅವಕಾಶ ಕಾರ್ಡ್ ಅಂತಲೂ ಒಂದಿದೆ, ಎರಡು ವರ್ಷದ ಮಾನ್ಯ ತರಬೇತಿ, ಜೊತೆಗೆ ಎ1 ಮಟ್ಟದ ಜರ್ಮನ್ ಅಥವಾ ಬಿ2 ಮಟ್ಟದ ಇಂಗ್ಲಿಷ್ ಇದ್ದು, ಅವರ ಲೆಕ್ಕದಲ್ಲಿ ಬೇಕಾದಷ್ಟು ಅಂಕ ಕೂಡಿದ್ರೆ ಬಂದು ಕೆಲಸ ಹುಡುಕಬಹುದು. ಆದರೆ ಅಷ್ಟು ದಿನದ ಖರ್ಚಿನ ಹಣ ತೋರಿಸಬೇಕು. ನಾನು ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಶನಿವಾರ ಭಾನುವಾರ ಕೂತು ಬಿ1 ಮುಗಿಸೋಕೆ ಒಂದೂವರೆ ವರ್ಷ ಹಿಡೀತು.

ಇಲ್ಲಿ ಕೆಲಸದ ಮರ್ಯಾದೆ ಚೆನ್ನಾಗಿದೆ. ನಾಲ್ಕು ಗಂಟೆಗೆ ಮೆಷಿನ್ ಒರೆಸಿ ಮನೆಗೆ ಹೋಗ್ತೀನಿ. ಆದ್ರೆ ಅಪ್ಪನಿಗೆ ಹಾರ್ಟ್ ಆಪರೇಷನ್ ಆದಾಗ ನಾನು ವಿಡಿಯೊ ಕಾಲಲ್ಲಿ ಇದ್ದೆ. ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಮಗು ಹುಟ್ಟೋ ವರ್ಷ ಅಂತೂ ಹೊರಡಬೇಡಿ.


ಸಿಎಂಎಂ_ರೂಮಿಂದ

ಡಿಪ್ಲೊಮಾ ಬಗ್ಗೆ ನಾನು ಹೇಳ್ತೀನಿ. ಎರಡು ವರ್ಷದ ಐಟಿಐ ಆದವರಿಗೆ ನೇರ ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ. ಬೆಂಗಳೂರಲ್ಲಿ ಸಂಜೆ ತರಗತಿ ನಡೆಸೋ ಪಾಲಿಟೆಕ್ನಿಕ್‌ಗಳೂ ಇವೆ. ಡಿಪ್ಲೊಮಾ ಆದ ಮೇಲೆ ಕೆಇಎ ನಡೆಸೋ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೂ ಹೋಗಬಹುದು. ನಿಮ್ಮ ಮನೆಯವರು ಹೇಳಿದ್ದು ಸರಿ. ಎಷ್ಟೋ ಕಂಪನಿಗಳಲ್ಲಿ ಎಂಜಿನಿಯರ್ ಅನ್ನೋ ಹುದ್ದೆಗೆ ಡಿಪ್ಲೊಮಾ ಇಲ್ಲದೆ ಅರ್ಜಿ ನೋಡೋದೇ ಇಲ್ಲ, ಕೈಯಲ್ಲಿ ಎಷ್ಟೇ ಕೆಲಸ ಇದ್ರೂ. ಅದು ಅನ್ಯಾಯ ಅಂತ ನನಗೆ ಅನ್ನಿಸುತ್ತೆ, ಆದರೆ ಇದೆ.

ಆದರೆ ಸಂಜೆ ಕಾಲೇಜಿಗೆ ಪಾಳಿ ಹೊಂದಬೇಕು. ಮೊದಲ ಪಾಳಿ ಖಾಯಂ ಕೊಡ್ತಾರಾ ಅಂತ ಕೇಳಿ ಆಮೇಲೆ ಫೀಸ್ ಕಟ್ಟಿ. ಮಗುವಿನ ಮೊದಲ ಆರು ತಿಂಗಳು ಮನೆಗೆ ಕೊಟ್ಟು, ಮುಂದಿನ ವರ್ಷದ ಪ್ರವೇಶಕ್ಕೆ ತಯಾರಾಗೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ನಿಮ್ಮ ಹೆಂಡತಿಗೆ ಆ ಹೊತ್ತಲ್ಲಿ ನೀವು ಬೇಕು. ಇದನ್ನ ಹೆರಿಗೆ ಆದ ಆರನೇ ವಾರಕ್ಕೆ ಗಂಡನನ್ನ ಬೇರೆ ಊರಿನ ಪ್ರಾಜೆಕ್ಟ್‌ಗೆ ಕಳಿಸಿದವಳಾಗಿ ಹೇಳ್ತಿದ್ದೀನಿ.


ರಾತ್ರಿ_ಪಾಳಿ

ಒಂದು ಸಣ್ಣ ಸೇರ್ಪಡೆ. ಜನವರಿಯಲ್ಲಿ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಮೆಷಿನ್‌ಗಳ ದೊಡ್ಡ ಮೇಳ ಇಮ್‌ಟೆಕ್ಸ್ ನಡೆಯುತ್ತೆ. ನಮ್ಮ ಲೈನಿನ ಮೆಟಲ್ ಕಟಿಂಗ್ ಮೇಳ ಬೆಸ ವರ್ಷದಲ್ಲಿ ಬರುತ್ತೆ. ಒಂದು ರಜೆ ಹಾಕಿ ಹೋಗಿ. ಟೂಲ್ ಕಂಪನಿ ಸ್ಟಾಲ್‌ಗಳಲ್ಲಿ ನಿಂತು ನಿಮ್ಮ ಚಾಟರ್ ತೊಂದರೆ ಹೇಳಿದ್ರೆ ಅವರ ಎಂಜಿನಿಯರ್‌ಗಳು ಪೇಪರ್ ತಗೊಂಡು ವಿವರಿಸ್ತಾರೆ. ನನಗೆ ಸರ್ವೀಸ್ ಕೆಲಸದ ಸುಳಿವು ಸಿಕ್ಕಿದ್ದು ಅಂಥಾ ಒಂದು ಸ್ಟಾಲ್‌ನಲ್ಲೇ. ತುಮಕೂರು ವಸಂತನರಸಾಪುರದಲ್ಲೇ ಮೆಷಿನ್ ಟೂಲ್ ಪಾರ್ಕ್ ಇದೆ, ನಿಮ್ಮ ಊರಿಂದ ಹೋಗಿ ಬರೋ ದೂರ. ಬೆಂಗಳೂರಿನ ಬಾಡಿಗೆ ಉಳಿದ್ರೆ ಅದೂ ಸಂಬಳವೇ.


ಶಿರಾ_ಹುಡುಗ

ಎಲ್ಲರಿಗೂ ಮತ್ತೆ ನಮಸ್ಕಾರ. ಐದು ವಾರ ಆಯ್ತು, ಏನಾಯ್ತು ಅಂತ ಹೇಳಬೇಕು ಅಂತ ಬಂದೆ.

ಇಎಸ್‌ಐ ಶಾಖೆಗೆ ಹೋಗಿ ಕೇಳಿದೆ. ಹೆರಿಗೆ ಮುಗಿಯೋವರೆಗೆ ಕಂಪನಿ ಬದಲಿಸೋದಿಲ್ಲ ಅಂತ ನಾನೂ ಹೆಂಡತಿಯೂ ತೀರ್ಮಾನ ಮಾಡಿದ್ವಿ. 24,000 ಕಂಪನಿಯವರಿಗೆ ಫೋನ್ ಮಾಡಿ, ಸೆಟ್ಟರ್ ಟ್ರೈನಿ ಅಂತ ಬರೆದು ಕೊಟ್ರೆ ಜನವರಿಯಲ್ಲಿ ಬರ್ತೀನಿ ಅಂದೆ. ನೋಡ್ತೀವಿ ಅಂದಿದ್ದಾರೆ. ಶಾರ್ಜಾ ಏಜೆಂಟ್ ಹೆಸರು ಪೋರ್ಟಲ್‌ನಲ್ಲಿ ಸಿಗಲೇ ಇಲ್ಲ, ಭಾವನಿಗೂ ಹೇಳಿದೆ.

ಸೂಪರ್‌ವೈಸರ್ ಹತ್ರ ಹೋಗಿ, ಪಾಳಿ ಮುಗಿದ ಮೇಲೆ ಮುಕ್ಕಾಲು ಗಂಟೆ ಸೆಟ್ಟರ್ ಜೊತೆ ನಿಲ್ತೀನಿ ಸರ್ ಅಂದೆ. ಒಪ್ಪಿದ್ರು. ಮೊದಲ ವಾರ ಸೆಟ್ಟರ್ ಅಣ್ಣ ಮಾತೇ ಆಡಲಿಲ್ಲ. ಎರಡನೇ ವಾರ ನೋಟ್‌ಬುಕ್ ನೋಡಿದ್ರು. "3180 ಲೆಕ್ಕ ಸರಿ ಇದೆ, ಆದ್ರೆ ನಮ್ಮ ಟೂಲ್ ಹೋಲ್ಡರ್ ಹಳೇದು, ಅದಕ್ಕೇ 2600ಕ್ಕೆ ಇಳಿಸಿದ್ದೀನಿ" ಅಂದ್ರು. ಎಂಟು ವರ್ಷದಲ್ಲಿ ಅವರು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದು. ಮೊನ್ನೆ ಶನಿವಾರ ಒಂದು ಹೊಸ ಕೆಲಸಕ್ಕೆ ನಾನೇ ವೈಸ್ ಇಟ್ಟು, ಡಯಲ್ ಹಾಕಿ, ಜಿ54 ಹಿಡಿದೆ. ಅವರು ಹಿಂದೆ ಕೈಕಟ್ಟಿ ನಿಂತಿದ್ರು.

ಒಂದು ಕಡೆ ಸಿಕ್ಕಿಹಾಕ್ಕೊಂಡಿದ್ದೀನಿ. ವೈಸಿನ ದವಡೆ ಡಯಲ್‌ನಲ್ಲಿ ನೆಟ್ಟಗಿದೆ, 0.01 ಒಳಗೆ. ಆದರೆ ಪೀಸಿನ ದಪ್ಪ ಒಂದು ತುದಿಗಿಂತ ಇನ್ನೊಂದು ತುದಿಯಲ್ಲಿ 0.04 ಜಾಸ್ತಿ ಬರ್ತಿದೆ. ಪೀಸಿನ ಕೆಳಗಿಡೋ ಪ್ಯಾರಲಲ್ ಬ್ಲಾಕ್ ಎರಡೂ ಅಳೆದೆ, ಸಮ ಇವೆ. ಸೆಟ್ಟರ್ ಅಣ್ಣ ಗೊತ್ತಿದ್ರೂ ಹೇಳ್ತಿಲ್ಲ, ನೀನೇ ಹುಡುಕು ಅಂತಾರೆ.


ಟೂಲ್‌ರೂಮ್_ಹಳಬ

ಒಳ್ಳೆಯ ಗುರು ಸಿಕ್ಕಿದ್ದಾನೆ ನಿನಗೆ. ಪೂರ್ತಿ ನಾನೂ ಹೇಳುವುದಿಲ್ಲ. ಪೀಸ್ ತೆಗೆದಿಡು, ಬ್ಲಾಕ್ ತೆಗೆದಿಡು. ಖಾಲಿ ವೈಸಿನ ತಳದ ಮೇಲೆ ಡಯಲ್ ಓಡಿಸಿ ನೋಡು.


ಶಿರಾ_ಹುಡುಗ

ತಳವೇ ಒಂದು ಕಡೆ ಏರಿತ್ತು ಸರ್. ವೈಸ್ ಪೂರ್ತಿ ಎತ್ತಿ ನೋಡಿದ್ರೆ ಕೆಳಗೆ ಕೂದಲಿನಷ್ಟು ತೆಳ್ಳಗಿನ ಅಲ್ಯೂಮಿನಿಯಂ ಚಿಪ್ ಒಂದು ಟೇಬಲ್‌ಗೆ ಅಂಟಿಕೊಂಡಿತ್ತು. ಅಂಗೈಯಲ್ಲಿ ಸವರಿದಾಗ ಸಿಕ್ತು, ಕಣ್ಣಿಗೆ ಕಾಣ್ತಿರಲಿಲ್ಲ. ಬೆಳಗಾವಿ ಅಣ್ಣ ಬರೆದಿದ್ರು, ಮೊದಲು ಟೇಬಲ್ ಒರೆಸಿ ಸವರಬೇಕು ಅಂತ, ನಾನೇ ಅದನ್ನ ಬಿಟ್ಟಿದ್ದೆ. ಒರೆಸಿ ಮತ್ತೆ ಕೂರಿಸಿದೆ. ಈಗ ಎರಡೂ ತುದಿ ಒಂದೇ. ಆ ಚಿಪ್ಪನ್ನ ಟೇಪ್ ಹಾಕಿ ನೋಟ್‌ಬುಕ್ಕಿನ ಅದೇ ಪುಟದಲ್ಲಿ ಅಂಟಿಸಿಟ್ಟಿದ್ದೀನಿ.